ಬೆಳಿಗ್ಗೆ ನಮ್ಮ ಕಡೆ ಮುಖ, ಸಂಜೆ ಬೆನ್ನು: ಸುರತ್ಕಲ್ ಕಡಲಲ್ಲಿ ನಿಂತಿರುವ ಈ ಹಡಗು ಯಾವುದು?

ಹೊಸಬೆಟ್ಟು ಟೆರೇಸ್ · ಶನಿವಾರ, ರಾತ್ರಿ 9:20

ನಮಸ್ಕಾರ. ನಾನು ದಾವಣಗೆರೆ ಕಡೆಯವನು. ಬ್ಯಾಂಕ್ ಕೆಲಸ. ವರ್ಗವಾಗಿ ಮಂಗಳೂರಿಗೆ ಬಂದು ಎರಡು ತಿಂಗಳಾಯಿತು. ಹೊಸಬೆಟ್ಟಿನಲ್ಲಿ ಬಾಡಿಗೆ ಮನೆ, ಮೇಲಿನ ಮಹಡಿ. ಟೆರೇಸ್ ಹತ್ತಿದರೆ ತೆಂಗಿನಮರಗಳ ತಲೆ, ಅದರಾಚೆ ಸಮುದ್ರ. ಕೆರೆ ತುಂಬಿದರೆ ಬಾಗಿನ ಕೊಡುವ ಊರಿನವನು ನಾನು. ಇಷ್ಟೊಂದು ನೀರು ದಿನಾ ಕಣ್ಣೆದುರು ಇರುವುದು ಇನ್ನೂ ಅಭ್ಯಾಸವಾಗಿಲ್ಲ.

ವಿಷಯಕ್ಕೆ ಬರುತ್ತೇನೆ. ಬಹಳ ದೂರದಲ್ಲಿ ಒಂದು ದೊಡ್ಡ ಹಡಗು ನಿಂತಿರುತ್ತೆ. ಬೆಳಿಗ್ಗೆ ಹಾಲು ತರಲು ಹೋಗುವ ಮುಂಚೆ ನೋಡಿದರೆ ಮೂತಿ ನಮ್ಮ ಕಡೆ. ಸಂಜೆ ಬ್ಯಾಂಕಿನಿಂದ ಬಂದು ನೋಡಿದರೆ ಬೆನ್ನು ನಮ್ಮ ಕಡೆ. ಹಿಂದುಗಡೆ ಒಂದು ಪುಟ್ಟ ದೋಣಿ ಅಂಟಿಕೊಂಡ ಹಾಗೆ ಇರುತ್ತೆ. ಬುಧವಾರ ಹಡಗು ಇರಲಿಲ್ಲ. ಈಗ ಅದೇ ಜಾಗದಲ್ಲಿ ಇನ್ನೊಂದು ಬಂದು ನಿಂತಿದೆ.

ಇನ್ನೂ ವಿಚಿತ್ರ ಕೇಳಿ. ಟೆರೇಸ್‌ನಿಂದ ಪೂರ್ತಿ ಹಡಗು ಕಾಣುತ್ತೆ, ಕೆಂಪು ಒಡಲು ಸಮೇತ. ಕೆಳಗೆ ಬೀಚ್‌ಗೆ ಹೋಗಿ ನೋಡಿದರೆ ಒಡಲೇ ಇಲ್ಲ! ಸಮುದ್ರದ ಮಧ್ಯೆ ಬಿಳಿ ಅಪಾರ್ಟ್‌ಮೆಂಟ್ ಕಟ್ಟಿದ ಹಾಗೆ, ಬರೀ ಮೇಲಿನ ಕಟ್ಟಡ. ಹೆಂಡತಿಗೆ ಹೇಳಿದೆ. ಕನ್ನಡಕದ ನಂಬರ್ ಬದಲಾಯಿಸಿ ಅಂದಳು. ಗೊತ್ತಿದ್ದವರು ಹೇಳಿ, ಇದು ಏನು?

ದಕ್ಕೆ ಹುಡುಗ · ಶನಿವಾರ, ರಾತ್ರಿ 9:48

ಸ್ವಾಗತ ಮಾರಾಯ್ರೆ. ಅದರಲ್ಲಿ ವಿಚಿತ್ರ ಎಂತದ್ದೂ ಇಲ್ಲ. ಲಂಗರು ಹಾಕಿದ ಹಡಗು ಗಾಳಿಗೆ, ನೀರಿನ ಎಳೆತಕ್ಕೆ ತಿರುಗುತ್ತಲೇ ಇರುತ್ತೆ. ಬಂದರಿನ ಒಳಗೆ ಜಾಗ ಸಿಗುವವರೆಗೆ ಹೊರಗೆ ಕಾಯ್ತಾವೆ. ನಮ್ಮ ಬೋಟ್‌ನವರು ರಾತ್ರಿ ಬರುವಾಗ ಅವುಗಳ ಸುತ್ತು ಹಾಕಿಯೇ ಬರಬೇಕು.

ಬರೀ ಆ್ಯಪ್ · ಶನಿವಾರ, ರಾತ್ರಿ 10:05

ಟೆರೇಸ್ ಅವರೇ, ಮೊಬೈಲ್‌ನಲ್ಲಿ ಮೆರೀನ್‌ಟ್ರಾಫಿಕ್ ಅಥವಾ ವೆಸೆಲ್‌ಫೈಂಡರ್ ಹಾಕಿಕೊಳ್ಳಿ. ಹಡಗಿನ ಹೆಸರು, ಉದ್ದ, ಎಲ್ಲಿಂದ ಬಂತು, ಎಲ್ಲಾ ಬರುತ್ತೆ. ಕಣ್ಣು ಚುಚ್ಚಿಕೊಂಡು ನೋಡುವ ಕಾಲ ಹೋಯಿತು.

ಕಾಪು ಬಂಡೆ · ಶನಿವಾರ, ರಾತ್ರಿ 10:11

ಶುರುವಾಯಿತು. ಹೊಸಬರು ಬಂದ ಕೂಡಲೇ ಇವರು ಆ್ಯಪ್ ಮಾರಲು ಬರ್ತಾರೆ. ಹಡಗು ನೋಡುವುದು ಅಂದರೆ ಹಡಗು ನೋಡುವುದು ಸ್ವಾಮಿ. ಆ್ಯಪ್‌ನ ನಕ್ಷೆಯ ಮೇಲಿನ ಚುಕ್ಕಿ ನೋಡುವುದಲ್ಲ.

ಬರೀ ಆ್ಯಪ್ · ಶನಿವಾರ, ರಾತ್ರಿ 10:14

ನಿಮ್ಮ ಫೋಟೋಗಳ ಕೆಳಗೆ ಹಡಗಿನ ಹೆಸರು ಬರೆಯುತ್ತೀರಲ್ಲ ಅಣ್ಣ, ಅದು ಎಲ್ಲಿಂದ ಸಿಗುತ್ತೆ? 😀

ಹಳೇ ಟಗ್ · ಭಾನುವಾರ, ಬೆಳಿಗ್ಗೆ 6:30

ದಕ್ಕೆ ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಇವರು ಹೇಳುವ ಹಡಗು ಲಂಗರು ಹಾಕಿದ್ದಲ್ಲ. ಗುಟ್ಟು ಆ ಪುಟ್ಟ ದೋಣಿಯಲ್ಲಿ ಉಂಟು.

ಅದು ದೋಣಿಯಲ್ಲ, ಟಗ್. ದೊಡ್ಡ ಹಡಗುಗಳನ್ನು ಎಳೆಯುವ, ತಳ್ಳುವ ಪುಟ್ಟ ಹಡಗು. ಲಂಗರು ಹಾಕಿದ ಹಡಗಿಗೆ ಹಿಂದಿನಿಂದ ಟಗ್ ಕಟ್ಟಿ ಇಡೀ ದಿನ ಯಾರೂ ಎಳೆಯುವುದಿಲ್ಲ. ಡೀಸೆಲ್ ಏನು ಪುಕ್ಕಟೆ ಬರುತ್ತಾ? ಇದು ಎಂಆರ್‌ಪಿಎಲ್‌ಗೆ, ಅಂದರೆ ಇಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆಗೆ, ಕಚ್ಚಾ ತೈಲ ತಂದ ದೊಡ್ಡ ಟ್ಯಾಂಕರ್. ಅಷ್ಟು ದೊಡ್ಡದು ತುಂಬಿದ ಹೊರೆಯಲ್ಲಿ ಬಂದರಿನ ಕಾಲುವೆಯೊಳಗೆ ಬರಲಾಗುವುದಿಲ್ಲ, ತಳ ತಾಗುತ್ತೆ. ಅದಕ್ಕೇ ಸಮುದ್ರದಲ್ಲೇ ಒಂದು ತೇಲುವ ಬೋಯಾ ನಿಲ್ಲಿಸಿದ್ದಾರೆ. ಎಸ್‌ಪಿಎಂ ಅಂತಾರೆ. ಸಿಂಗಲ್ ಪಾಯಿಂಟ್ ಮೂರಿಂಗ್. ಹಡಗಿನ ಮೂತಿಯನ್ನು ಮಾತ್ರ ದಪ್ಪ ಹಗ್ಗದಿಂದ ಅದಕ್ಕೆ ಕಟ್ಟುತ್ತಾರೆ. ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಹಡಗು ಸುತ್ತಲೂ ತಿರುಗಬಹುದು. ತೇಲುವ ಕೊಳವೆಯಲ್ಲಿ ಎಣ್ಣೆ ಬೋಯಾಕ್ಕೆ ಹೋಗಿ, ಅಲ್ಲಿಂದ ಕಡಲ ತಳದ ಪೈಪಿನಲ್ಲಿ ದಡಕ್ಕೆ ಬರುತ್ತೆ.

ಗಾಳಿ ನಿಂತರೆ ಹಡಗು ಮೆಲ್ಲಗೆ ಮುಂದೆ ಹೋಗಿ ಬೋಯಾಕ್ಕೆ ಗುದ್ದಬಹುದು. ಹಾಗಾಗಬಾರದು ಅಂತಲೇ ಹಿಂದಿನಿಂದ ಟಗ್ ಎಳೆದು ಹಿಡಿಯುವುದು. ನಾನು ಬೇರೆ ಬೇರೆ ಕಡೆ ಟಗ್‌ನಲ್ಲೇ ಇದ್ದವನು. ಆ ಕೆಲಸದಷ್ಟು ಬೇಜಾರಿನದು ಇನ್ನೊಂದಿಲ್ಲ. ಇಡೀ ದಿನ ಒಂದೇ ಹಡಗಿನ ಹಿಂಭಾಗ ನೋಡಿಕೊಂಡು ಕೂರಬೇಕು.

ಈಗ ನಿಮ್ಮ ಬೆಳಿಗ್ಗೆ-ಸಂಜೆ ಲೆಕ್ಕ. ಈ ತಿಂಗಳುಗಳಲ್ಲಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ. ಹಡಗು ಗಾಳಿಗೆ ಮೂತಿ ಕೊಡುತ್ತೆ, ಅಂದರೆ ನಿಮ್ಮ ಕಡೆಗೆ. ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ಬರುತ್ತೆ. ಹಡಗು ತಿರುಗಿ ನಿಮಗೆ ಬೆನ್ನು ಹಾಕುತ್ತೆ. ನಿಮ್ಮ ಮೇಲೆ ಕೋಪ ಅಲ್ಲ.

ಹೊಸಬೆಟ್ಟು ಟೆರೇಸ್ · ಭಾನುವಾರ, ಬೆಳಿಗ್ಗೆ 7:15

ಅಬ್ಬಾ! ಸರ್, ಕೈಮುಗಿದೆ. ಬೆಳಗಿನ ಕಾಫಿ ಹಿಡಿದುಕೊಂಡು ಈಗಷ್ಟೇ ಟೆರೇಸ್‌ಗೆ ಹೋಗಿ ಬಂದೆ. ಮೂತಿ ಈ ಕಡೆಗೇ ಇದೆ. ಹೆಂಡತಿಯನ್ನೂ ಕರೆದು ತೋರಿಸಿದೆ. "ಸರಿ, ಆ ಒಡಲು ಮಾಯ ಆಗೋದು?" ಅಂತ ಕೇಳಿದಳು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಕೂಡು ಕಳೆ ಮೇಷ್ಟ್ರು · ಭಾನುವಾರ, ಬೆಳಿಗ್ಗೆ 10:40

ನನ್ನ ಪಾಲಿಗೆ ಹಬ್ಬ ಬಂತು. ಭೂಮಿ ಗುಂಡಗಿದೆ ಅಂತ ಎಂಟನೇ ಕ್ಲಾಸಿನಲ್ಲಿ ಹೇಳಿಕೊಡುತ್ತೇನೆ. ಮಕ್ಕಳು ಪುಸ್ತಕ ನೋಡಿ ತಲೆಯಾಡಿಸುತ್ತಾರೆ. ನೀವು ಕಣ್ಣಾರೆ ನೋಡಿದ್ದೀರಿ.

ಕಣ್ಣು ನೀರಿಗಿಂತ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲ ತೆಗೆಯಿರಿ, 3.57ರಿಂದ ಗುಣಿಸಿ. ನಿಮ್ಮ ದಿಗಂತ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತೆ. ಬೀಚ್‌ನಲ್ಲಿ ನಿಂತರೆ ಕಣ್ಣು ಸುಮಾರು 2 ಮೀಟರ್ ಎತ್ತರ ಅನ್ನೋಣ. ದಿಗಂತ 5 ಕಿ.ಮೀ. ಅಷ್ಟೇ! ನಾವು "ಅನಂತ ಸಾಗರ" ಅನ್ನುವುದೆಲ್ಲ ಪಣಂಬೂರಿನಿಂದ ಸುರತ್ಕಲ್‌ವರೆಗಿನ ದಾರಿಗಿಂತಲೂ ಕಡಿಮೆ.

ಆ ಬೋಯಾದ ಜಾಗವನ್ನು ಆ್ಯಪ್‌ನ ನಕ್ಷೆಯಲ್ಲಿ ಅಳೆದೆ. ದಡದಿಂದ ಹತ್ತಿರ ಹತ್ತಿರ 16 ಕಿ.ಮೀ. ಬಂತು. ಹದಿನಾರರಲ್ಲಿ ಐದು ಕಳೆದರೆ 11. ಅದನ್ನು 3.57ರಿಂದ ಭಾಗಿಸಿ, ವರ್ಗ ಮಾಡಿ. 9.5 ಬರುತ್ತೆ. ಅಂದರೆ ಆ ಹಡಗಿನ ಕೆಳಗಿನ ಒಂಬತ್ತೂವರೆ ಮೀಟರ್ ನೀರಿನ ಉಬ್ಬಿನ ಹಿಂದೆ ಅಡಗಿದೆ. ತುಂಬಿ ಬಂದ ದೊಡ್ಡ ಟ್ಯಾಂಕರ್‌ನ ಒಡಲು ನೀರಿನ ಮೇಲೆ ಕಾಣುವುದೇ ಹೆಚ್ಚುಕಡಿಮೆ ಅಷ್ಟು. ಒಡಲು ಪೂರ್ತಿ ಮಾಯ, ಕಟ್ಟಡ ಮಾತ್ರ ಉಳಿಯಿತು.

ಟೆರೇಸ್‌ನಲ್ಲಿ ನಿಮ್ಮ ಕಣ್ಣು 14 ಮೀಟರ್ ಎತ್ತರ ಇರಬಹುದು. ದಿಗಂತ 13 ಕಿ.ಮೀ. ದಾಟಿತು. ಅಡಗುವುದು ಅರ್ಧ ಮೀಟರ್. ಕನ್ನಡಕ ಸರಿಯಾಗಿಯೇ ಇದೆ ಅಂತ ಮನೆಯಲ್ಲಿ ಹೇಳಿ.

ದಕ್ಕೆ ಹುಡುಗ · ಭಾನುವಾರ, ಬೆಳಿಗ್ಗೆ 11:02

ಮೇಷ್ಟ್ರೇ, ವಾಪಸ್ ಬರುವಾಗ ನಮಗೆ ಮೊದಲು ಕಾಣುವುದು ಬೀಚ್ ಅಲ್ಲ, ಕುದುರೆಮುಖದ ಕಡೆಯ ಗುಡ್ಡ, ಆಮೇಲೆ ಚಿಮಣಿಗಳು, ಕೊನೆಗೆ ತೆಂಗು. ಈ ಲೆಕ್ಕ ನಮ್ಮ ಅಜ್ಜನಿಗೆ ವರ್ಗಮೂಲ ಇಲ್ಲದೆಯೇ ಗೊತ್ತಿತ್ತು.

ಕೂಡು ಕಳೆ ಮೇಷ್ಟ್ರು · ಭಾನುವಾರ, ಬೆಳಿಗ್ಗೆ 11:10

ಅಜ್ಜನಿಗೆ ಫುಲ್ ಮಾರ್ಕ್ಸ್.

ಮೂರನೇ ಇಂಜಿನಿಯರ್ · ಭಾನುವಾರ, ಮಧ್ಯಾಹ್ನ 2:25

ಹಡಗಿನಿಂದಲೇ ಬರೆಯುತ್ತಿದ್ದೇನೆ. ಎಲ್ಲಿದ್ದೇನೆ ಅಂತ ಹೇಳಲ್ಲ, ಕಂಪನಿ ನಿಯಮ. ಊರು ಕುಂದಾಪುರ. ಇಂಥದೇ ದೊಡ್ಡ ಟ್ಯಾಂಕರ್‌ನಲ್ಲಿ ಎರಡು ಕಾಂಟ್ರ್ಯಾಕ್ಟ್ ಮಾಡಿದ್ದೇನೆ.

ವಿಎಲ್‌ಸಿಸಿ ಅಂತಾರೆ ಇವುಗಳಿಗೆ. ವೆರಿ ಲಾರ್ಜ್ ಕ್ರೂಡ್ ಕ್ಯಾರಿಯರ್. ಉದ್ದ ಸುಮಾರು 330 ಮೀಟರ್. ತುಂಬಿದರೆ 20 ಲಕ್ಷ ಬ್ಯಾರಲ್ ಎಣ್ಣೆ. 16 ಕಿ.ಮೀ. ದೂರದಿಂದಲೂ ಅಡ್ಡಕ್ಕೆ ನಿಂತಾಗ ಎರಡು ಹುಣ್ಣಿಮೆ ಚಂದ್ರ ಪಕ್ಕಪಕ್ಕ ಇಟ್ಟಷ್ಟು ಅಗಲ ಕಾಣಬೇಕು. ಡೆಕ್ ಮೇಲೆ ಓಡಾಡಲು ನಮಗೆ ಸೈಕಲ್ ಇರುತ್ತಿತ್ತು.

ಮೇಷ್ಟ್ರ ಲೆಕ್ಕಕ್ಕೆ ಒಂದು ಬಾಲಂಗೋಚಿ. ಟೆರೇಸ್ ಅವರೇ, ಈ ಹಡಗು ಹೋಗುವ ಮುಂಚೆ ಇನ್ನೊಮ್ಮೆ ಬೀಚ್‌ಗೆ ಹೋಗಿ. ಎಣ್ಣೆ ಖಾಲಿಯಾದ ಹಾಗೆ ಹಡಗು ಮೇಲೆ ಏಳುತ್ತೆ. ಪೂರ್ತಿ ಬೆಂಡಿನ ಹಾಗೆ ತೇಲಲು ಬಿಡಲ್ಲ. ಒಂದು ಕಡೆ ಎಣ್ಣೆ ಹೊರಗೆ ಹೋಗುತ್ತಿದ್ದರೆ ಇನ್ನೊಂದು ಕಡೆ ಬೇರೆ ಟ್ಯಾಂಕ್‌ಗಳಿಗೆ ಸಮುದ್ರದ ನೀರು ತುಂಬಿಸುತ್ತೇವೆ. ಆದರೂ ಹತ್ತು ಮೀಟರ್‌ನಷ್ಟು ಏಳುತ್ತೆ. ಮೊದಲ ದಿನ ಕಾಣದಿದ್ದ ಒಡಲು ಕೊನೆಯ ದಿನ ಬೀಚ್‌ನಿಂದಲೂ ಕಾಣಬೇಕು.

ಇನ್ನೊಂದು. ತುಂಬಿದ ಹಡಗು ನೀರಿನ ಮಾತು ಕೇಳುತ್ತೆ, ಖಾಲಿ ಹಡಗು ಗಾಳಿಯ ಮಾತು ಕೇಳುತ್ತೆ. ಟಗ್ ಅಣ್ಣ ಹೇಳಿದ ಗಾಳಿಯ ಲೆಕ್ಕ ಮೊದಲ ದಿನ ಸ್ವಲ್ಪ ತಪ್ಪಬಹುದು, ಆಮೇಲೆ ಸರಿಹೋಗುತ್ತೆ.

ಹೊಸಬೆಟ್ಟು ಟೆರೇಸ್ · ಭಾನುವಾರ, ಸಂಜೆ 4:00

ನಾಳೆಯಿಂದಲೇ ನೋಡುತ್ತೇನೆ. ಒಂದು ಬೈನಾಕ್ಯುಲರ್ ತೆಗೆದುಕೊಳ್ಳಬೇಕು ಅಂತ ಆಸೆ ಬಂದಿದೆ. ಯಾವುದು ಒಳ್ಳೆಯದು?

ಕಾಪು ಬಂಡೆ · ಭಾನುವಾರ, ಸಂಜೆ 5:35

7×50 ತೆಗೆದುಕೊಳ್ಳಿ. ಏಳು ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 50 ಮಿ.ಮೀ. ಹಡಗಿನವರೂ ಅದನ್ನೇ ಬಳಸುವುದು. ಆನ್‌ಲೈನ್‌ನಲ್ಲಿ "60 ಪಟ್ಟು, 100 ಪಟ್ಟು" ಅಂತ ಆಸೆ ತೋರಿಸುತ್ತಾರೆ, ಬೀಳಬೇಡಿ. ಕೈ ನಡುಗಿದರೆ ಹಡಗೂ ನಡುಗುತ್ತೆ. ನಾನು ಮೊದಲು ಅಂಥದೊಂದು ತಂದು, ಈಗ ಮಗಳು ಅದರಲ್ಲಿ ಇರುವೆ ನೋಡುತ್ತಾಳೆ.

ಫೋಟೋ ಬೇಕಿದ್ದರೆ ಬೆಳಿಗ್ಗೆ ಏಳರಿಂದ ಒಂಬತ್ತು. ನಮ್ಮದು ಪಶ್ಚಿಮ ಕರಾವಳಿ. ಬೆಳಿಗ್ಗೆ ಸೂರ್ಯ ನಮ್ಮ ಬೆನ್ನಿಗಿರುತ್ತಾನೆ, ಬೆಳಕೆಲ್ಲ ಹಡಗಿನ ಮೈಮೇಲೆ. ಬಣ್ಣ, ಹೆಸರು, ತುಕ್ಕು ಎಲ್ಲಾ ಸಿಗುತ್ತೆ. ಸಂಜೆ ಬರೀ ಕಪ್ಪು ನೆರಳು. ಕ್ಯಾಲೆಂಡರ್‌ಗೆ ಚೆಂದ, ಗುರುತು ಹಿಡಿಯಲು ದಂಡ. ಹತ್ತರ ಮೇಲೆ ನೀರಿನ ಮೇಲಿನ ಬಿಸಿಗಾಳಿಗೆ ಎಂಥಾ ಲೆನ್ಸ್ ಇದ್ದರೂ ಹಡಗು ಕುದಿಯುವ ಗಂಜಿಯ ಹಾಗೆ ಕಾಣುತ್ತೆ.

ಹತ್ತಿರದಿಂದ ನೋಡಲು ಪಣಂಬೂರು ಬೀಚ್. ಅಲೆತಡೆಯ ನಡುವೆ ಹಡಗು ಒಳಗೆ ಬರುವಾಗ ಹೆಸರು ಬರಿಗಣ್ಣಿಗೆ ಓದಬಹುದು. ಎತ್ತರದಿಂದ ನೋಡಲು ನನ್ನ ಇಷ್ಟದ ಜಾಗ ಕಾಪು ದೀಪಸ್ತಂಭ, 1901ರದ್ದು. ಬಂಡೆ ಮೇಲೆ ನಿಂತರೇ ಮೇಷ್ಟ್ರ ದಿಗಂತ ದೂರ ಓಡುತ್ತೆ.

ಬರೀ ಆ್ಯಪ್ · ಭಾನುವಾರ, ಸಂಜೆ 6:10

ಸರಿ, ಜಗಳ ಬೇಡ, ನಾನೂ ಉಪಯೋಗಕ್ಕೆ ಬರುವುದು ಹೇಳುತ್ತೇನೆ.

ಆ್ಯಪ್‌ಗೆ ಮಾಹಿತಿ ಬರುವುದು ಹಡಗಿನಲ್ಲಿರುವ ಎಐಎಸ್ ಪೆಟ್ಟಿಗೆಯಿಂದ. ಹಡಗಿನ ಗುರುತನ್ನು ರೇಡಿಯೋದಲ್ಲಿ ಸಾರುತ್ತಲೇ ಇರುವ ಯಂತ್ರ ಅದು. ವಿದೇಶಕ್ಕೆ ಹೋಗುವ 300 ಟನ್‌ಗಿಂತ ದೊಡ್ಡ ಹಡಗುಗಳಿಗೆಲ್ಲ ಅದು ಕಡ್ಡಾಯ. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲಿ ಅಂತ ಮಾಡಿದ್ದು, ನಮ್ಮ ಹುಚ್ಚಿಗಾಗಿ ಅಲ್ಲ. ಸ್ಥಳ, ವೇಗ ತಾನಾಗಿ ಬರುತ್ತೆ. ಆದರೆ "ಎಲ್ಲಿಗೆ ಹೋಗುತ್ತಿದ್ದೇವೆ", "ಲಂಗರು ಹಾಕಿದ್ದೇವೆ" ಅನ್ನುವುದನ್ನು ಹಡಗಿನವರೇ ಕೈಯಾರೆ ಒತ್ತಬೇಕು. ಎಷ್ಟೋ ಸಲ ಮರೆಯುತ್ತಾರೆ. ಬಂದರಿನೊಳಗೆ ಕಟ್ಟಿರುವ ಹಡಗು ಎರಡು ದಿನದಿಂದ "ಪ್ರಯಾಣದಲ್ಲಿದೆ" ಅಂತ ತೋರಿಸಿದ್ದು ನೋಡಿದ್ದೇನೆ. ಗುರಿಯ ಜಾಗದಲ್ಲಿ "ಐಎನ್ ಎನ್‌ಎಂಎಲ್" ಅಂತಿದ್ದರೆ ಅದು ನಮ್ಮ ನವಮಂಗಳೂರು ಬಂದರಿನ ಗುರುತು.

ಹೆಸರಿಗಿಂತ ಮುಖ್ಯ ಐಎಂಒ ನಂಬರ್, ಅಂದರೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಗುರುತಿನ ಸಂಖ್ಯೆ. ಏಳು ಅಂಕಿ. ಮಾಲೀಕ ಬದಲಾಗಬಹುದು, ಬಾವುಟ ಬದಲಾಗಬಹುದು, ಹೆಸರು ನಾಲ್ಕು ಸಲ ಬದಲಾಗಬಹುದು. ನಂಬರ್ ಮಾತ್ರ ಹುಟ್ಟಿದಾಗಿನಿಂದ ಗುಜರಿಗೆ ಹೋಗುವವರೆಗೆ ಒಂದೇ. ಹಿಂಭಾಗದಲ್ಲಿ ಹೆಸರಿನ ಕೆಳಗೆ ಬರೆದಿರುತ್ತಾರೆ. ಮೇಷ್ಟ್ರಿಗೆ ಇಷ್ಟ ಆಗುವ ವಿಷಯ: ಮೊದಲ ಆರು ಅಂಕಿಗಳನ್ನು ಸಾಲಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೇ ಅಂಕಿ. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಬಿದ್ದ ಎವರ್ ಗಿವನ್ ನಂಬರ್ 9811000. ಕೂಡಿಸಿ ನೋಡಿ.

ಕೂಡು ಕಳೆ ಮೇಷ್ಟ್ರು · ಭಾನುವಾರ, ಸಂಜೆ 6:18

63, 48, 5, 4. ಒಟ್ಟು 120. ಕೊನೆಗೆ ಸೊನ್ನೆ. ಆಹಾ! ನಾಳೆ ಕ್ಲಾಸಿಗೆ ಇದೇ.

ದಕ್ಕೆ ಹುಡುಗ · ಭಾನುವಾರ, ಸಂಜೆ 6:30

ಆ ಹಡಗಿನ ಪಕ್ಕದಲ್ಲಿ "ಎವರ್‌ಗ್ರೀನ್" ಅಂತ ದೊಡ್ಡದಾಗಿ ಬರೆದಿತ್ತಲ್ಲ? ನಮ್ಮಲ್ಲಿ ಎಲ್ಲರೂ ಅದೇ ಹಡಗಿನ ಹೆಸರು ಅಂದುಕೊಂಡಿದ್ದರು.

ಬರೀ ಆ್ಯಪ್ · ಭಾನುವಾರ, ಸಂಜೆ 6:34

ಪಕ್ಕೆಯ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಹೆಸರು. ಬಸ್ಸಿನ ಮೇಲೆ ಟ್ರಾವೆಲ್ಸ್ ಹೆಸರು ಇದ್ದ ಹಾಗೆ. ಹಡಗಿನ ಹೆಸರು ಮೂತಿಯ ಎರಡೂ ಕಡೆ, ಮತ್ತೆ ಹಿಂಭಾಗದಲ್ಲಿ. ಹಿಂಭಾಗದಲ್ಲಿ ಅದರ ಕೆಳಗೆ ಊರಿನ ಹೆಸರು. ಪನಾಮಾ, ಲೈಬೀರಿಯಾದ ಮನ್ರೋವಿಯಾ, ಮಾರ್ಷಲ್ ದ್ವೀಪಗಳ ಮಜುರೋ ಜಾಸ್ತಿ ಕಾಣುತ್ತೆ. ಹಡಗು ಆ ಊರನ್ನು ಜನ್ಮದಲ್ಲಿ ನೋಡಿರಲ್ಲ. ಬರೀ ನೋಂದಣಿ.

ಎಲ್ಬೆ ದಡ · ಭಾನುವಾರ, ರಾತ್ರಿ 11:50

ಜರ್ಮನಿಯಿಂದ. ಹ್ಯಾಂಬರ್ಗ್‌ನಲ್ಲಿದ್ದೇನೆ, ಮೂಲ ಪುತ್ತೂರು. ಬಾವುಟದ ಮಾತು ಬಂತಲ್ಲ, ಇಲ್ಲಿನ ಒಂದು ಕಥೆ ಹೇಳಲೇಬೇಕು.

ಊರಿನಿಂದ ಸ್ವಲ್ಪ ಕೆಳಗೆ ಎಲ್ಬೆ ನದಿ ದಡದಲ್ಲಿ ವೇಡೆಲ್ ಅಂತ ಊರಿದೆ. ಅಲ್ಲೊಂದು ಹೋಟೆಲ್ ಪಕ್ಕ ಹಡಗುಗಳಿಗೆ ಸ್ವಾಗತ ಹೇಳುವ ಜಾಗ. 1952ರಿಂದ ನಡೆಯುತ್ತಿದೆ. ದೊಡ್ಡ ಹಡಗು ಹ್ಯಾಂಬರ್ಗ್ ಕಡೆ ಹೋಗುವಾಗ ಅಥವಾ ವಾಪಸ್ ಬರುವಾಗ ಧ್ವನಿವರ್ಧಕದಲ್ಲಿ ಅದರ ಬಾವುಟದ ದೇಶದ ರಾಷ್ಟ್ರಗೀತೆ ಹಾಕುತ್ತಾರೆ. ಹಡಗಿನ ವಿವರ ಓದಿ ಹೇಳುತ್ತಾರೆ. ಜನ ಕೇಕ್ ತಿನ್ನುತ್ತಾ ಕೂತು ಕೈ ಬೀಸುತ್ತಾರೆ. ನಾನೂರು ಮೀಟರ್ ಉದ್ದದ ಕಂಟೇನರ್ ಹಡಗು ನದಿಯಲ್ಲಿ, ನಮ್ಮ ನೇತ್ರಾವತಿ ದಡದಲ್ಲಿ ಕೂತಂತೆ ಕೂತವರ ಮುಂದೆ ಹಾದು ಹೋಗುತ್ತೆ. ಮೊದಲ ಸಲ ನನಗೆ ಗಂಟಲು ಕಟ್ಟಿತು.

ನಮ್ಮ ರಾಷ್ಟ್ರಗೀತೆ ಕೇಳಬೇಕು ಅಂತ ಎರಡು ಬೇಸಿಗೆ ಪೂರ್ತಿ ಭಾನುವಾರ ಹೋದೆ. ಒಂದು ಸಲವೂ ಬರಲಿಲ್ಲ. ಆದರೆ ಲೈಬೀರಿಯಾದ ರಾಷ್ಟ್ರಗೀತೆ ಬಾಯಿಪಾಠ ಆಗಿದೆ. ಮಗ ಸ್ನಾನ ಮಾಡುವಾಗ ಹಾಡುತ್ತಾನೆ.

ಹಳೇ ಟಗ್ · ಸೋಮವಾರ, ಬೆಳಿಗ್ಗೆ 6:20

ಒಳ್ಳೆ ಮಗ.

ನಾನು ಕಂಡ ಮೊದಲ ದೊಡ್ಡ ಗೌಜಿ 1975 ಜನವರಿ 11. ಇಂದಿರಾ ಗಾಂಧಿಯವರು ಬಂದು ಈ ಬಂದರು ಉದ್ಘಾಟನೆ ಮಾಡಿದ ದಿನ. ಅಪ್ಪನ ಸೈಕಲ್ ಮೇಲೆ ಕೂತು ಹೋಗಿದ್ದೆ. ಜನರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಈಗಿನವರು ಇದನ್ನು ಹಳೇ ಕಾಲದಿಂದ ಇದ್ದ ಬಂದರು ಅಂದುಕೊಳ್ಳುತ್ತಾರೆ. ಇಲ್ಲ. ಇದು ನೆಲ ಅಗೆದು ನೀರು ಬಿಟ್ಟು ಮಾಡಿದ್ದು. ಕೆಲಸ ಶುರುವಾದದ್ದು 1962ರಲ್ಲಿ. ಹಿಂದೆ ಬಿದ್ದು ತಂದವರು ಆಗಿನ ನಮ್ಮ ಕಡೆಯ ಸಂಸದ ಶ್ರೀನಿವಾಸ ಮಲ್ಯರು. ಬಂದರು ಆಗುವುದನ್ನು ನೋಡಲು ಅವರೇ ಉಳಿಯಲಿಲ್ಲ, 1965ರಲ್ಲಿ ಹೋದರು.

ಹಡಗು ನಿಲ್ಲುವ ಆ ಜಾಗದಲ್ಲಿ ಮನೆ, ಗದ್ದೆ ಇತ್ತು. ಪಣಂಬೂರಿನ ಸುಮಾರು ಜನರನ್ನು ಎಬ್ಬಿಸಿ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಜಾಗ ಕೊಟ್ಟರು. ನಮ್ಮದೂ ಅದರಲ್ಲಿ ಒಂದು ಮನೆ. "ನಮ್ಮ ತುಳಸಿಕಟ್ಟೆ ಇದ್ದಲ್ಲಿ ಈಗ ಹಡಗು ನಿಲ್ಲುತ್ತೆ" ಅಂತ ಅಜ್ಜಿ ಹೇಳುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೇಲೆ ಆ ಜಾಗ ಯಾವ ಹಡಗುಕಟ್ಟೆ ಅಂತ ಬಹಳ ಹುಡುಕಿದೆ. ಗೊತ್ತಾಗಲಿಲ್ಲ.

ಕಾಪು ಬಂಡೆ · ಸೋಮವಾರ, ಬೆಳಿಗ್ಗೆ 8:05

ಇದನ್ನು ನೀವು ಇಷ್ಟು ವರ್ಷ ಇಲ್ಲಿ ಹೇಳಿಯೇ ಇರಲಿಲ್ಲವಲ್ಲ ಅಣ್ಣ.

ಹಳೇ ಟಗ್ · ಸೋಮವಾರ, ಬೆಳಿಗ್ಗೆ 8:30

ಯಾರೂ ಕೇಳಲಿಲ್ಲ. ನೀವೆಲ್ಲ ಲೆನ್ಸ್ ಬಗ್ಗೆಯೇ ಮಾತಾಡುತ್ತೀರಿ.

ಹೊಸಬೆಟ್ಟು ಟೆರೇಸ್ · ಸೋಮವಾರ, ರಾತ್ರಿ 8:45

ಇವತ್ತಿನ ವರದಿ. ಬ್ಯಾಂಕ್ ಮುಗಿಸಿ ಪಣಂಬೂರಿಗೆ ಹೋದೆ. ಹಳೇ ಕ್ಯಾಮೆರಾ ಜೊತೆಗಿತ್ತು. ಬೀಚ್ ಬಿಟ್ಟು ಗೋಡೆ ಬದಿಗೆ ನಡೆದು, ಒಳಗಿನ ಕ್ರೇನ್‌ಗಳ ಫೋಟೋ ತೆಗೆಯಲು ಹೋದರೆ ಕಾವಲಿನವರು ಬಂದರು. ಹೆಸರು, ಕೆಲಸ, ಫೋಟೋ ಯಾಕೆ, ಎಲ್ಲಾ ಕೇಳಿದರು. "ಹಡಗು ನೋಡುವ ಹವ್ಯಾಸ" ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ರೇನ್ ಫೋಟೋ ಅಳಿಸಿ ಕಳಿಸಿದರು. ಬೈಯಲಿಲ್ಲ. ನಾನು ತಪ್ಪು ಮಾಡಿದೆನಾ?

ಕಾಪು ಬಂಡೆ · ಸೋಮವಾರ, ರಾತ್ರಿ 9:10

ತಪ್ಪೇ. ಮೊದಲೇ ಹೇಳಬೇಕಿತ್ತು, ನನ್ನ ಮರೆವು. ಬಂದರಿನ ಒಳಗು ನಿರ್ಬಂಧಿತ ಜಾಗ. ಗೋಡೆ, ಗೇಟ್, ಪೈಪ್‌ಲೈನ್, ಟ್ಯಾಂಕ್‌ಗಳ ಕಡೆ ಲೆನ್ಸ್ ತಿರುಗಿಸಲೇಬೇಡಿ. ನೌಕಾಪಡೆ, ಕೋಸ್ಟ್ ಗಾರ್ಡ್ ಹಡಗುಗಳನ್ನು ನಾನು ತೆಗೆಯಲ್ಲ, ಇಲ್ಲಿ ಹಾಕಲು ಬಿಡುವುದೂ ಇಲ್ಲ. ಡ್ರೋನ್ ಅಂತೂ ಹೆಸರೇ ಎತ್ತಬೇಡಿ. ಬೀಚ್‌ನಲ್ಲಿ ಎಲ್ಲರ ಮಧ್ಯೆ ನಿಂತು ಕಡಲಿನ ಹಡಗು ನೋಡಿ, ಅಷ್ಟು ಸಾಕು.

2001ರಲ್ಲಿ ಗ್ರೀಸ್‌ನಲ್ಲಿ ವಿಮಾನ ನೋಡುವ ಹವ್ಯಾಸದ ಬ್ರಿಟಿಷರು ಹನ್ನೆರಡು ಮಂದಿ, ಡಚ್ಚರು ಇಬ್ಬರು ಒಂದು ವಾಯುನೆಲೆಯಲ್ಲಿ ಸಿಕ್ಕಿಬಿದ್ದರು. ಗೂಢಚಾರರು ಅಂತ ಶಿಕ್ಷೆಯೂ ಆಯಿತು. ಮೇಲ್ಮನವಿಯಲ್ಲಿ ಬಿಡುಗಡೆ ಸಿಗುವ ಹೊತ್ತಿಗೆ ಒಂದು ವರ್ಷ ಹೋಗಿತ್ತು. ಹವ್ಯಾಸ ಅಂದರೆ ನಂಬುವವರು ಎಲ್ಲೂ ಕಡಿಮೆ.

ಉಳ್ಳಾಲದಿಂದ · ಸೋಮವಾರ, ರಾತ್ರಿ 10:55

ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯೋಣ ಅನ್ನಿಸಿತು.

ನನ್ನ ಗಂಡ ಹಡಗಿನಲ್ಲಿದ್ದಾರೆ. ನನಗೆ ಈ ಆ್ಯಪ್ ಹವ್ಯಾಸ ಅಲ್ಲ. ರಾತ್ರಿ ಮಗಳನ್ನು ಮಲಗಿಸುವ ಮುಂಚೆ ಒಮ್ಮೆ ನೋಡುತ್ತೇನೆ. ಬಂದರಿನ ಹತ್ತಿರ ಇದ್ದಾಗ ಚುಕ್ಕಿ ಓಡುತ್ತೆ. ನಡು ಸಮುದ್ರಕ್ಕೆ ಹೋದರೆ ದಡದ ರಿಸೀವರ್‌ಗೆ ಸಿಗಲ್ಲ, ಉಪಗ್ರಹದಿಂದ ಬರುವುದಕ್ಕೆ ದುಡ್ಡು ಕಟ್ಟಬೇಕು. ಪುಕ್ಕಟೆ ಆ್ಯಪ್‌ನಲ್ಲಿ ಚುಕ್ಕಿ ಅಲ್ಲೇ ನಿಂತುಬಿಡುತ್ತೆ. "ಅಪ್ಪ ಯಾಕೆ ನಿಂತಿದ್ದಾರೆ?" ಅಂತ ಮಗಳು ಕೇಳುತ್ತಾಳೆ. ಅಪ್ಪ ನಿಂತಿಲ್ಲ, ಫೋನಿಗೆ ಕಾಣುತ್ತಿಲ್ಲ ಅಷ್ಟೇ ಅಂತ ಹೇಳಲು ಕಲಿತಿದ್ದೇನೆ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ 2023ರ ಕೊನೆಯಲ್ಲಿ ಅವರ ಹಡಗು ಆ ದಾರಿಯಲ್ಲೇ ಇತ್ತು. ಸುತ್ತಲಿನ ಹಡಗುಗಳ ಗುರಿಯ ಜಾಗದಲ್ಲಿ ಊರಿನ ಹೆಸರೇ ಇರಲಿಲ್ಲ. "ಶಸ್ತ್ರ ಹಿಡಿದ ಕಾವಲು ಇದೆ" ಅಂತ ಬರೆದುಕೊಂಡಿದ್ದರು. ಅದನ್ನು ಓದಿದ ರಾತ್ರಿ ಹೇಗಿತ್ತು ಅಂತ ಬರೆಯಲು ಬರಲ್ಲ.

2025 ಜೂನ್‌ನಲ್ಲಿ ಕೇರಳದ ಆಚೆ ಕಡಲಲ್ಲಿ ವಾನ್ ಹಾಯ್ 503 ಅನ್ನುವ ಕಂಟೇನರ್ ಹಡಗು ಹೊತ್ತಿಕೊಂಡಾಗ ಬದುಕಿ ಬಂದ 18 ಜನರನ್ನು ನಮ್ಮ ಬಂದರಿಗೇ ತಂದರು. ನಾಲ್ವರು ಸಿಗಲಿಲ್ಲ. ಆ ವಾರ ಎಲ್ಲ ಗುಂಪುಗಳಲ್ಲೂ ಬೆಂಕಿಯ ಫೋಟೋ, "ಸೂಪರ್ ಶಾಟ್" ಅಂತ ಕಾಮೆಂಟ್. ಇಲ್ಲಿ ಯಾರೂ ಹಾಗೆ ಬರೆದಿರಲಿಲ್ಲ. ಅದಕ್ಕೇ ಇಲ್ಲಿ ಉಳಿದಿದ್ದೇನೆ.

ಬರೀ ಆ್ಯಪ್ · ಸೋಮವಾರ, ರಾತ್ರಿ 11:20

ಅಕ್ಕ, ನನಗೆ ದುಡ್ಡು ಕಟ್ಟಿದ ಖಾತೆ ಇದೆ. ಅಣ್ಣನ ಹಡಗಿನ ಐಎಂಒ ನಂಬರ್ ನನಗೆ ಖಾಸಗಿಯಾಗಿ ಕಳಿಸಿ. ಉಪಗ್ರಹದಲ್ಲಿ ಬಂದ ಕೂಡಲೇ ಹೇಳುತ್ತೇನೆ. ಇಲ್ಲಿ ಎಲ್ಲರೆದುರು ಹಾಕಬೇಡಿ.

ಮೂರನೇ ಇಂಜಿನಿಯರ್ · ಮಂಗಳವಾರ, ಬೆಳಿಗ್ಗೆ 4:40

ಅತ್ತಿಗೆ, ಇಂಜಿನ್ ರೂಮಿನ ಪಾಳಿ ಮುಗಿಸಿ ಈಗ ಓದಿದೆ. ನಮ್ಮ ಅಮ್ಮನಿಗೂ ಇದೇ ಆ್ಯಪ್. ಚುಕ್ಕಿ ನಿಂತರೆ ಪಕ್ಕದ ಮನೆ ಹುಡುಗನನ್ನು ಎಬ್ಬಿಸಿ ಕೇಳುತ್ತಾರೆ.

ದಕ್ಕೆ ಹುಡುಗ · ಮಂಗಳವಾರ, ಬೆಳಿಗ್ಗೆ 9:15

ಟೆರೇಸ್ ಅವರೇ, ದೊಡ್ಡ ಹಡಗು ನೋಡಿ ಸಾಕಾದಾಗ ಹಳೇ ಬಂದರಿಗೆ ಬನ್ನಿ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ಅಲ್ಲಿ ನಿಲ್ಲುತ್ತವೆ. ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ, ಕೆಲವೊಮ್ಮೆ ಆಡು. ಮೂಟೆಗಳನ್ನು ಜನ ತಲೆ ಮೇಲೆ ಹೊತ್ತು ಹಲಗೆ ದಾಟಿ ಹಾಕುತ್ತಾರೆ. ಅವುಗಳ ಮುಂದೆ ನಿಮ್ಮ ವಿಎಲ್‌ಸಿಸಿ ಎಲ್ಲ ಸಪ್ಪೆ. ಮಳೆಗಾಲ ಬಂದರೆ ಎಲ್ಲಾ ನಿಂತುಬಿಡುತ್ತೆ, ಅಷ್ಟರೊಳಗೆ ಬನ್ನಿ. ರಾತ್ರಿ ನೋಡುವುದಾದರೆ ಒಂದು ಗುರುತು ಹೇಳುತ್ತೇನೆ. ದೊಡ್ಡ ಹಡಗಿನ ಎರಡು ಬಿಳಿ ದೀಪಗಳಲ್ಲಿ ಹಿಂದಿನದು ಎತ್ತರ ಇದ್ದರೆ ಓಡುತ್ತಿದೆ. ಮುಂದಿನದು ಎತ್ತರ ಇದ್ದರೆ ಲಂಗರು ಹಾಕಿದೆ. ನಮಗೆ ಇದು ಹವ್ಯಾಸ ಅಲ್ಲ, ಜೀವ.

ಕಾಪು ಬಂಡೆ · ಮಂಗಳವಾರ, ಬೆಳಿಗ್ಗೆ 9:40

ಮಂಜಿ ವಿಷಯದಲ್ಲಿ ನೂರಕ್ಕೆ ನೂರು ಒಪ್ಪಿದೆ. ಹಗಲು ಪಣಂಬೂರಿನಲ್ಲಿ ಇನ್ನೊಂದು ನೋಡಿ. ಅರ್ಧ ಬಿಳಿ ಅರ್ಧ ಕೆಂಪು ಬಾವುಟ ಏರಿಸಿದ್ದರೆ ಬಂದರಿನಲ್ಲಿ ಹಡಗಿಗೆ ದಾರಿ ತೋರಿಸುವ ಪೈಲಟ್ ಹಡಗಿನ ಮೇಲಿದ್ದಾರೆ ಅಂತ ಅರ್ಥ. ಇನ್ನು ಹತ್ತು ನಿಮಿಷಕ್ಕೆ ಹಡಗು ಕದಲುತ್ತೆ, ಚರುಮುರಿ ಬೇಗ ಮುಗಿಸಿ.

ಹೊಸಬೆಟ್ಟು ಟೆರೇಸ್ · ಮಂಗಳವಾರ, ಸಂಜೆ 6:50

ಸಿಕ್ಕಿತು!!

ಮೂರನೇ ಇಂಜಿನಿಯರ್ ಹೇಳಿದ ಹಾಗೆ ಈಗ ಬೀಚ್‌ನಲ್ಲಿ ನಿಂತು ನೋಡಿದೆ. ಸೂರ್ಯ ಮುಳುಗುವ ಹೊತ್ತು. ಶನಿವಾರ ಬರೀ ಬಿಳಿ ಕಟ್ಟಡ ಇತ್ತಲ್ಲ, ಇವತ್ತು ಅದರ ಕೆಳಗೆ ಕಪ್ಪಗೆ ಒಂದು ಗೆರೆ. ಒಡಲು! ಸಮುದ್ರದಿಂದ ಎದ್ದು ಬಂದ ಹಾಗೆ. ಪಕ್ಕದಲ್ಲಿ ಗಾಳಿಪಟ ಹಾರಿಸುತ್ತಿದ್ದ ಹುಡುಗರಿಗೂ ತೋರಿಸಿದೆ. ಅವರು "ಎಂತ ಅಂಕಲ್, ಹಡಗು ಅಲ್ವಾ" ಅಂದು ಮತ್ತೆ ಗಾಳಿಪಟ ಹಿಡಿದರು. ಹೆಂಡತಿ ಮಾತ್ರ ಪೂರ್ತಿ ಹತ್ತು ನಿಮಿಷ ಬೈನಾಕ್ಯುಲರ್ ಕೊಡಲೇ ಇಲ್ಲ. ಹೌದು, 7×50 ತಂದೆ.

ಹೊಸಬೆಟ್ಟು ಟೆರೇಸ್ · ಬುಧವಾರ, ಬೆಳಿಗ್ಗೆ 6:40

ಹೊರಟುಹೋಗಿದೆ. ಟೆರೇಸ್‌ನಿಂದ ನೋಡಿದರೆ ಬರೀ ನೀರು. ಟಗ್ ಒಂದು ಬಂದರಿನ ಕಡೆ ವಾಪಸ್ ಹೋಗುತ್ತಿದೆ.

ಹಳೇ ಟಗ್ · ಬುಧವಾರ, ಬೆಳಿಗ್ಗೆ 6:55

ಪಾಪ, ಅವನಿಗೆ ಇವತ್ತು ಬಿಸಿ ತಿಂಡಿ ಸಿಗುತ್ತೆ.

ಕೂಡು ಕಳೆ ಮೇಷ್ಟ್ರು · ಬುಧವಾರ, ಬೆಳಿಗ್ಗೆ 7:30

ಟೆರೇಸ್ ಅವರೇ, ಒಂದು ಸಂಶಯ. ಮಂಗಳವಾರ ನೀವು ನಿಂತದ್ದು ನೀರಿನ ಅಂಚಿನಲ್ಲೋ, ಮರಳು ದಿಬ್ಬದ ಮೇಲೋ? ದಿಬ್ಬದ ಮೇಲಾದರೆ ಕಣ್ಣು 4 ಮೀಟರ್ ಆಗುತ್ತೆ. ಆಗ ಅಡಗುವುದು ಒಂಬತ್ತೂವರೆಯಲ್ಲ, ಆರಕ್ಕೆ ಇಳಿಯುತ್ತೆ. ಹಡಗು ಎದ್ದಿತೋ ನೀವೇ ಎದ್ದಿರೋ ಅಂತ ಮೊದಲು ತೀರ್ಮಾನ ಆಗಬೇಕು.

ಹೊಸಬೆಟ್ಟು ಟೆರೇಸ್ · ಬುಧವಾರ, ಬೆಳಿಗ್ಗೆ 7:34

ಅಯ್ಯೋ ಸರ್. ದಿಬ್ಬದ ಮೇಲೆ.

ಕೂಡು ಕಳೆ ಮೇಷ್ಟ್ರು · ಬುಧವಾರ, ಬೆಳಿಗ್ಗೆ 7:36

ಮುಂದಿನ ಹಡಗು ಬರಲಿ. ಟೇಪ್ ನಾನು ತರುತ್ತೇನೆ.

ಉಳ್ಳಾಲದಿಂದ · ಬುಧವಾರ, ಬೆಳಿಗ್ಗೆ 8:12

@ಬರೀ ಆ್ಯಪ್, ಮೆಸೇಜ್ ನೋಡಿದೆ ತಮ್ಮಾ. ಮಗಳಿಗೆ ತೋರಿಸಿದೆ. ಚುಕ್ಕಿ ಓಡುತ್ತಿದೆ.